ಸ್ಕ್ಯಾನ್ ಮಾಡಿದ ಪರಂಪರೆ ಸಂಗ್ರಹಕ್ಕೆ ಓಪನ್ ಸೋರ್ಸ್ ವೆಬ್ ಆ್ಯಪ್: ಮೊದಲ ಫೈಲ್‌ನಿಂದ ಲೈವ್ ಆಗುವವರೆಗೆ

ಹಳೇ ಹಸ್ತಪ್ರತಿ, ಫೋಟೊ, ನಕಾಶೆ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಸಾಫ್ಟ್‌ವೇರ್ ಹಾಕಲಿ?" ಕೆಲಸ ಕೆಡುವುದು ಅಲ್ಲಿಂದಲೇ. ಸಾಫ್ಟ್‌ವೇರ್ ಒಂದು ಸಂಜೆಯಲ್ಲಿ ಇನ್‌ಸ್ಟಾಲ್ ಆಗಿಬಿಡುತ್ತದೆ. ಹತ್ತು ಚಿತ್ರ ಹಾಕಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ನಾಲ್ಕು ಸಾವಿರ ಚಿತ್ರ ಏರಿಸಿದ ಮೇಲೆ ಒಂದೊಂದೇ ಹೊರಬರುತ್ತದೆ. ಫೈಲ್ ಹೆಸರಿಗೂ ಮಾಹಿತಿಗೂ ತಾಳೆ ಇಲ್ಲ. ಪುಟಗಳ ಕ್ರಮ ತಪ್ಪಿದೆ. ಯಾವುದನ್ನು ಹೊರಗೆ ತೋರಿಸಬಹುದು ಅಂತ ಯಾರಿಗೂ ಗೊತ್ತಿಲ್ಲ. ಆಗ ಹಿಂದಕ್ಕೆ ಹೋಗುವುದು ತುಂಬಾ ಕಷ್ಟ.

ಅದಕ್ಕೇ ಇಲ್ಲಿ ಸಾಫ್ಟ್‌ವೇರ್ ಆಯ್ಕೆ ಐದನೇ ಹಂತದಲ್ಲಿದೆ. ಮೊದಲ ನಾಲ್ಕು ಹಂತ ಬೇಸರ ತರಿಸಬಹುದು. ಆದರೂ ದಯವಿಟ್ಟು ಕ್ರಮ ಬದಲಿಸಬೇಡಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಒಂದು ಸ್ಪ್ರೆಡ್‌ಶೀಟ್ ಪ್ರೋಗ್ರಾಂ, ಮಾಹಿತಿ ಶುಚಿ ಮಾಡಲು ಓಪನ್‌ರಿಫೈನ್, ಚಿತ್ರಗಳನ್ನು ಪರಿವರ್ತಿಸಲು ಲಿಬ್‌ವಿಪ್ಸ್, ಬದಲಾವಣೆಗಳ ಲೆಕ್ಕ ಇಡಲು ಗಿಟ್. ಇವೆಲ್ಲ ಓಪನ್ ಸೋರ್ಸ್‌ನಲ್ಲೇ ಸಿಗುತ್ತವೆ. ಜೊತೆಗೆ ಬ್ಯಾಕಪ್‌ಗೆ ಕನಿಷ್ಠ ಎರಡು ಡಿಸ್ಕ್ ಬೇಕು. ಲಿನಕ್ಸ್ ಸರ್ವರ್ ಬೇಕೋ ಬೇಡವೋ ಅನ್ನುವುದು ಐದನೇ ಹಂತದಲ್ಲಿ ತೀರ್ಮಾನವಾಗುತ್ತದೆ. ಈಗಲೇ ದುಡ್ಡು ಕಟ್ಟಬೇಡಿ.

## ಹಂತ 1: ಮೂಲ ಸ್ಕ್ಯಾನ್‌ಗಳನ್ನು ಮುಟ್ಟದ ಹಾಗೆ ಎತ್ತಿಡಿ

ಸ್ಕ್ಯಾನರ್‌ನಿಂದ ಬಂದ ಟಿಫ್ ಫೈಲ್‌ಗಳೇ ನಿಮ್ಮ ಮಾಸ್ಟರ್. ಅವುಗಳ ಬಣ್ಣ ತಿದ್ದುವುದು, ಅಂಚು ಕತ್ತರಿಸುವುದು ಯಾವುದೂ ಬೇಡ. ತಿದ್ದುವುದಿದ್ದರೆ ಪ್ರತಿ ಮಾಡಿಕೊಂಡು ತಿದ್ದಿ. ಮಾಸ್ಟರ್ ಫೋಲ್ಡರ್‌ಗೆ ಓದಲು ಮಾತ್ರ ಅನುಮತಿ ಕೊಡಿ.

ಜಾಗದ ಲೆಕ್ಕ ಮೊದಲೇ ಹಾಕಿ. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 x 3508 ಪಿಕ್ಸೆಲ್ ಆಗುತ್ತದೆ. ಕಂಪ್ರೆಸ್ ಮಾಡದೆ ಇಟ್ಟರೆ ಸುಮಾರು 26 ಎಂಬಿ. 400 ಪಿಕ್ಸೆಲ್‌ಗೆ ಹೋದರೆ ಸುಮಾರು 46 ಎಂಬಿ. ಹತ್ತು ಸಾವಿರ ಪುಟಕ್ಕೆ ಮೊದಲನೆಯದರಲ್ಲೇ 260 ಜಿಬಿ. ಬ್ಯಾಕಪ್ ಸೇರಿದರೆ ಅದರ ಮೂರು ಪಟ್ಟು.

ಆಮೇಲೆ ಪ್ರತಿ ಫೈಲ್‌ಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ಒಂದು ಪಟ್ಟಿಯಲ್ಲಿಡಿ. ಮುಂದೆ ಒಂದೇ ಒಂದು ಬಿಟ್ ಬದಲಾದರೂ ಪಟ್ಟಿ ಅದನ್ನು ಹಿಡಿದುಕೊಡುತ್ತದೆ. ಬ್ಯಾಗಿಟ್ ಎಂಬ ಫೋಲ್ಡರ್ ವಿಧಾನ ಇರುವುದು ಇದೇ ಕೆಲಸಕ್ಕೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಕಟ್ಟಡದಲ್ಲಿ, ನೆಟ್‌ವರ್ಕ್‌ಗೆ ಸಿಕ್ಕದೆ ಇರಲಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆದಾಗ ಅದರ ಎಷ್ಟೋ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ನಿಂತುಹೋದವು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ನಮ್ಮಂಥವರು ಇನ್ನೂ ಹುಷಾರಾಗಿರಬೇಕು, ಅಲ್ವಾ?

ಫೈಲ್ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಬಳಸಿ. ಖಾಲಿ ಜಾಗ ಬೇಡ. ಪುಟದ ಸಂಖ್ಯೆಗೆ ಮುಂದೆ ಸೊನ್ನೆ ತುಂಬಿ: 0001, 0002. ಸೊನ್ನೆ ಬಿಟ್ಟರೆ 1 ಆದ ಮೇಲೆ 10, ಆಮೇಲೆ 100, ಎಲ್ಲಾ ಮುಗಿದ ಮೇಲೆ 2 ಬರುತ್ತದೆ. ಪುಸ್ತಕದ ಪುಟಗಳು ಕಲಸಿಹೋಗಲು ಇದೇ ಸಾಮಾನ್ಯ ಕಾರಣ.

ಎಚ್ಚರಿಕೆಯ ಗುರುತು: ಫೋಲ್ಡರ್‌ನಲ್ಲಿ "ಫೈನಲ್", "ಫೈನಲ್ ಹೊಸದು" ಅಂತ ಹೆಸರು ಕಂಡರೆ ಅಲ್ಲೇ ನಿಲ್ಲಿ. ಮಾಸ್ಟರ್ ಯಾವುದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

## ಹಂತ 2: ಪ್ರತಿ ವಸ್ತುವಿಗೂ ಬದಲಾಗದ ಗುರುತು ಕೊಡಿ

ವಸ್ತು ಬೇರೆ, ಫೈಲ್ ಬೇರೆ. ಇನ್ನೂರು ಪುಟದ ಹಸ್ತಪ್ರತಿ ಒಂದು ವಸ್ತು. ಅದರ ಕೆಳಗೆ ಇನ್ನೂರು ಫೈಲ್. ಗುರುತು ವಸ್ತುವಿಗೆ ಕೊಡಬೇಕು, ಪುಟದ ಸಂಖ್ಯೆ ಅದರ ಬಾಲದಲ್ಲಿ ಬರಬೇಕು.

ಗುರುತಿನಲ್ಲಿ ಅರ್ಥ ತುಂಬಬೇಡಿ. ನಾನು ಕೈ ಹಾಕಿದ ಒಂದು ಸಂಗ್ರಹದಲ್ಲಿ ಕಪಾಟಿನ ಸಂಖ್ಯೆಯನ್ನೇ ಗುರುತಾಗಿ ಇಟ್ಟಿದ್ದೆವು. ಎರಡು ವರ್ಷದಲ್ಲಿ ಕಪಾಟುಗಳ ಜಾಗ ಬದಲಾಯಿತು. ಒಬ್ಬರು ಸಂಖ್ಯೆಗಳನ್ನು ಹೊಸ ಜಾಗಕ್ಕೆ ತಕ್ಕಂತೆ ತಿದ್ದಿಬಿಟ್ಟರು. ಹೊರಗಿನವರು ತಮ್ಮ ಬರಹಗಳಲ್ಲಿ ಕೊಟ್ಟಿದ್ದ ಲಿಂಕ್‌ಗಳೆಲ್ಲ ಒಮ್ಮೆಗೇ ಸತ್ತವು. ಇಲಾಖೆ, ಕಪಾಟು, ಭಾಷೆ, ಸಾಫ್ಟ್‌ವೇರ್ ಹೆಸರು ಯಾವುದೂ ಗುರುತಿನಲ್ಲಿ ಬೇಡ. ಸುಮ್ನೆ ಒಂದು ಸಂಖ್ಯೆಯೋ ಅಕ್ಷರಗಳ ಗುಂಪೋ ಸಾಕು.

ಲಿಂಕ್ ಬಹುಕಾಲ ನಿಲ್ಲಬೇಕು ಅಂದರೆ ಆರ್ಕ್ ಎಂಬ ಗುರುತಿನ ವ್ಯವಸ್ಥೆ ನೋಡಿ. ಸಂಸ್ಥೆಗೆ ಒಂದು ಸಂಖ್ಯೆ ಪಡೆಯಲು ಶುಲ್ಕ ಇಲ್ಲ. ಆಮೇಲೆ ಎಷ್ಟು ವಸ್ತುಗಳಿಗೆ ಬೇಕಾದರೂ ನೀವೇ ಗುರುತು ಕೊಟ್ಟುಕೊಳ್ಳಬಹುದು. ಡಿಒಐ ಎಂಬ ಇನ್ನೊಂದು ಗುರುತಿನ ವ್ಯವಸ್ಥೆ ಸಂಶೋಧನಾ ಬರಹಗಳಿಗೆ ಹೊಂದುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಹಣ ಕಟ್ಟಬೇಕು. ಯಾವುದನ್ನೇ ಬಳಸಿ, ಆ ಲಿಂಕ್‌ಗಳನ್ನು ಉಳಿಸುವ ಹೊಣೆ ಕೊನೆಗೆ ನಿಮ್ಮದೇ.

## ಹಂತ 3: ಮಾಹಿತಿ ಹಾಳೆ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಬೇಡುವ ಹಂತ ಇದು. ಬೇಡಿದಷ್ಟು ಕೊಡಿ.

ಎರಡು ಹಾಳೆ ಮಾಡಿ. ಒಂದರಲ್ಲಿ ವಸ್ತುಗಳು, ಸಾಲಿಗೊಂದು. ಇನ್ನೊಂದರಲ್ಲಿ ಫೈಲ್‌ಗಳು: ಯಾವ ವಸ್ತುವಿಗೆ ಸೇರಿದ್ದು, ಎಷ್ಟನೇ ಪುಟ, ಪುಟದ ಮೇಲೆ ಅಚ್ಚಾದ ಸಂಖ್ಯೆ ಏನು. ಈ ಎರಡನ್ನು ಒಂದೇ ಹಾಳೆಯಲ್ಲಿ ಕಲಸಿದರೆ ಮುಂದೆ ಏಳನೇ ಹಂತದಲ್ಲಿ ಒದ್ದಾಡುತ್ತೀರಿ.

ಕಾಲಂಗಳಿಗೆ ಡಬ್ಲಿನ್ ಕೋರ್ ಎಂಬ ಮಾಹಿತಿ ಮಾನದಂಡದಿಂದ ಶುರು ಮಾಡಿ. ಅದರಲ್ಲಿ ಮೂಲವಾಗಿ ಇರುವುದು 15 ಅಂಶ: ಶೀರ್ಷಿಕೆ, ರಚಿಸಿದವರು, ದಿನಾಂಕ, ವಿಷಯ, ಭಾಷೆ, ಹಕ್ಕು ಹೀಗೆ. ಇಂಥ ಬಹುತೇಕ ಸಾಫ್ಟ್‌ವೇರ್‌ಗಳಿಗೆ ಅದು ಅರ್ಥವಾಗುತ್ತದೆ. ಸಾಲದಿದ್ದರೆ ನಿಮ್ಮದೇ ಕಾಲಂ ಸೇರಿಸಿ, ಆದರೆ ಪ್ರತಿ ಕಾಲಂನಲ್ಲಿ ಏನು ಬರೆಯಬೇಕು ಅನ್ನುವುದನ್ನು ಒಂದು ಪುಟದ ನಿಯಮವಾಗಿ ಬರೆದಿಡಿ. ಇಬ್ಬರು ಸೇರಿ ಮಾಹಿತಿ ತುಂಬುವಾಗ ಈ ಒಂದು ಪುಟ ಇಲ್ಲದಿದ್ದರೆ ಒಂದೇ ಹೆಸರಿಗೆ ಐದು ಕಾಗುಣಿತ ಹುಟ್ಟುತ್ತವೆ.

ದಿನಾಂಕದಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. "ಸುಮಾರು 1890" ಅಂತ ಬರೆದರೆ ಓದುವವರಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಕಾಲಂ ಇಡಿ, ಓದುವವರಿಗೆ ಒಂದು, ಯಂತ್ರಕ್ಕೆ ಒಂದು. ಯಂತ್ರದ ಕಾಲಂಗೆ ಇಡಿಟಿಎಫ್ ಎಂಬ ಬರೆಯುವ ಕ್ರಮ ಇದೆ. 2019ರಲ್ಲಿ ಅದು ಐಎಸ್‌ಒ 8601ರ ಎರಡನೇ ಭಾಗಕ್ಕೆ ಸೇರಿತು. ಅದರಲ್ಲಿ 1890~ ಅಂದರೆ ಸುಮಾರು 1890. 1890? ಅಂದರೆ ಅನುಮಾನ ಇದೆ ಅಂತ. 1890/1895 ಅಂದರೆ ಆ ಅವಧಿ. 1 ಜನವರಿ 1890 ಅಂತ ಸುಮ್ನೆ ತುಂಬಿಬಿಡಬೇಡಿ. ಗೊತ್ತಿಲ್ಲದ ತಿಂಗಳು, ದಿನ ಸೇರಿಸುವುದು ಸುಳ್ಳು ದಾಖಲೆ ಮಾಡಿದ ಹಾಗೆ. ಅದನ್ನು ನಂಬಿ ಇನ್ನೊಬ್ಬರು ಬರೆಯುತ್ತಾರೆ.

ಹೆಸರುಗಳಿಗೆ ಪಕ್ಕದಲ್ಲೇ ವಿಕಿಡೇಟಾ ಅಥವಾ ವಿಯಾಫ್ (ಗ್ರಂಥಾಲಯಗಳು ಬಳಸುವ ಹೆಸರುಗಳ ಪಟ್ಟಿ) ಸಂಖ್ಯೆ ಹಾಕಿ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ಇದು ಬೇಕೇ ಬೇಕು. ಓಪನ್‌ರಿಫೈನ್‌ನಲ್ಲಿ ಕ್ಲಸ್ಟರ್ ಒತ್ತಿದರೆ ಹತ್ತಿರ ಹತ್ತಿರದ ಕಾಗುಣಿತಗಳನ್ನು ಗುಂಪು ಮಾಡಿ ತೋರಿಸುತ್ತದೆ. ಸೇರಿಸುವ ಮುನ್ನ ಒಂದೊಂದನ್ನೂ ಕಣ್ಣಿಟ್ಟು ನೋಡಿ, ಏಕೆಂದರೆ ಅಪ್ಪ ಮಗನನ್ನೂ ಅದು ಒಂದೇ ಮಾಡಿಬಿಡಬಹುದು.

ಸಾಮಾನ್ಯ ತಪ್ಪು: ಸಿಎಸ್‌ವಿ (ಹಾಳೆಯನ್ನು ಬರೀ ಪಠ್ಯವಾಗಿ ಉಳಿಸಿದ) ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ನೇರ ತೆರೆದು ಸೇವ್ ಮಾಡುವುದು. 0042 ಹೋಗಿ 42 ಆಗುತ್ತದೆ, ದಿನಾಂಕಗಳು ತಮ್ಮಷ್ಟಕ್ಕೆ ರೂಪ ಬದಲಿಸುತ್ತವೆ. ಇಂಪೋರ್ಟ್ ಮಾಡುವಾಗ ಎಲ್ಲಾ ಕಾಲಂಗೂ ಪಠ್ಯ ಅಂತ ಆರಿಸಿ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲೇ ಉಳಿಸಿ. ಪ್ರತಿ ದಿನದ ಕೊನೆಗೆ ಗಿಟ್‌ಗೆ ಹಾಕಿ. ಯಾವ ಸಾಲು ಬದಲಾಯಿತು ಅನ್ನುವುದು ಆಗಲೇ ಕಾಣುತ್ತದೆ.

ಪೂರ್ತಿ ತುಂಬುವ ಮುನ್ನ ಐವತ್ತು ವಸ್ತುಗಳಲ್ಲಿ ಪರೀಕ್ಷೆ ಮಾಡಿ. ಅಚ್ಚುಕಟ್ಟಾದ ಐವತ್ತನ್ನು ಆರಿಸಬೇಡಿ. ಹೆಸರಿಲ್ಲದ ಫೋಟೊ, ಅರ್ಧ ಹರಿದ ಪತ್ರ, ಮೂರು ಭಾಷೆಯ ಪುಸ್ತಕ, ಎರಡೂ ಬದಿ ಬರಹ ಇರುವ ನಕಾಶೆ ಇಂಥವನ್ನೇ ಹುಡುಕಿ ತೆಗೆಯಿರಿ. ಇವು ಹಾಳೆಯಲ್ಲಿ ಕೂತರೆ ಉಳಿದವು ಕೂರುತ್ತವೆ.

## ಹಂತ 4: ಹಕ್ಕು, ಅನುಮತಿ

ವಸ್ತು ನಿಮ್ಮ ಹತ್ತಿರ ಇದೆ ಅಂದ ಮಾತ್ರಕ್ಕೆ ಕಾಪಿರೈಟ್ ನಿಮ್ಮದಲ್ಲ. ಪತ್ರದ ಹಕ್ಕು ಬರೆದವರದು, ಫೋಟೊದ ಹಕ್ಕು ತೆಗೆದವರದ್ದೋ ತೆಗೆಸಿದವರದ್ದೋ ಇರಬಹುದು. ಪ್ರತಿ ಸಾಲಿಗೂ ಒಂದು ಹಕ್ಕಿನ ಹೇಳಿಕೆ ಬೇಕು. ರೈಟ್ಸ್‌ಸ್ಟೇಟ್‌ಮೆಂಟ್ಸ್ ಎಂಬ ತಾಣದಲ್ಲಿ ಇದಕ್ಕೆಂದೇ ಸಿದ್ಧ ಮಾಡಿದ 12 ಹೇಳಿಕೆಗಳಿವೆ. ನೀವೇ ಹಕ್ಕುದಾರರಾಗಿದ್ದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಡಿ. ಹಕ್ಕಿನ ಅವಧಿ ಮುಗಿದಿದ್ದರೆ ಸ್ಕ್ಯಾನ್ ಮಾಡಿದ್ದಕ್ಕೆ ಅಂತ ಹೊಸ ಬೀಗ ಹಾಕಬೇಡಿ. ಕೋಡ್, ಮಾಹಿತಿ, ಚಿತ್ರ ಈ ಮೂರಕ್ಕೂ ಲೈಸೆನ್ಸ್ ಬೇರೆ ಬೇರೆ ಬರೆಯಬೇಕು ಅನ್ನುವುದು ನೆನಪಿರಲಿ.

ಕಾನೂನು ಬಿಟ್ಟರೂ ತೋರಿಸಬಾರದ್ದು ಕೆಲವಿರುತ್ತವೆ. ಒಂದು ಸಮುದಾಯ ತನ್ನ ಆಚರಣೆಯ ವಸ್ತುವನ್ನು ಹೊರಗಿನವರಿಗೆ ತೋರಿಸದೆ ಇರಬಹುದು. ಬದುಕಿರುವವರ ಖಾಸಗಿ ವಿವರ ಪತ್ರದಲ್ಲಿ ಇರಬಹುದು. ಆ ಜನರನ್ನು ಕೇಳಿ. ಯಾರು ನೋಡಬಹುದು ಅನ್ನುವುದನ್ನು ಸಮುದಾಯವೇ ತೀರ್ಮಾನಿಸುವಂತೆ ಕಟ್ಟಿದ ಮುಕುರ್ತು ಎಂಬ ಓಪನ್ ಸೋರ್ಸ್ ವ್ಯವಸ್ಥೆಯೇ ಇದೆ.

ಎಚ್ಚರಿಕೆಯ ಗುರುತು: ಪುಟದಲ್ಲಿ ಅಡಗಿಸಿದ ಚಿತ್ರ, ಲಿಂಕ್ ಗೊತ್ತಿದ್ದವರಿಗೆ ತೆರೆದರೆ ಅದು ಅಡಗಿಲ್ಲ. ನಿರ್ಬಂಧ ಇರುವ ಫೈಲನ್ನು ಸಾರ್ವಜನಿಕ ಸರ್ವರ್‌ಗೆ ಹಾಕಲೇಬೇಡಿ.

## ಹಂತ 5: ಈಗ ಸಾಫ್ಟ್‌ವೇರ್

ಕೇಳಿಕೊಳ್ಳಬೇಕಾದದ್ದು ಒಂದೇ: ಮೂರು ವರ್ಷ ಆದ ಮೇಲೆ ಇದನ್ನು ಅಪ್‌ಡೇಟ್ ಮಾಡುವವರು ಯಾರು?

"ಯಾರೂ ಇಲ್ಲ" ಅನ್ನುವುದು ಉತ್ತರ ಆದರೆ ಸ್ಟ್ಯಾಟಿಕ್ ಸೈಟ್ (ಮೊದಲೇ ತಯಾರಿಸಿಟ್ಟ ಪುಟಗಳಷ್ಟೇ ಇರುವ ಸೈಟ್) ಮಾಡಿ. ಕಲೆಕ್ಷನ್‌ಬಿಲ್ಡರ್, ವ್ಯಾಕ್ಸ್ ಎರಡೂ ನಿಮ್ಮ ಸಿಎಸ್‌ವಿ ಹಾಳೆಯನ್ನು ತೆಗೆದುಕೊಂಡು ಪುಟಗಳನ್ನು ತಯಾರಿಸಿ ಕೊಡುತ್ತವೆ. ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ಲಾಗಿನ್ ಇಲ್ಲ. ಕೆಲವು ಸಾವಿರ ವಸ್ತುಗಳವರೆಗೆ ನನ್ನ ಮೊದಲ ಆಯ್ಕೆ ಇದೇ. ತುಂಬಾ ಜನ ಇದನ್ನು ಸಣ್ಣದು ಅಂತ ತಳ್ಳಿಹಾಕಿ, ಆಮೇಲೆ ನೋಡಿಕೊಳ್ಳಲಾಗದ ಸರ್ವರ್ ಕಟ್ಟಿಕೊಂಡು ಕೂರುತ್ತಾರೆ.

ಹಲವರು ಕೂತು ಬ್ರೌಸರ್‌ನಲ್ಲೇ ಮಾಹಿತಿ ತುಂಬಬೇಕು ಅಂದರೆ ಒಮೆಕಾ ಎಸ್ ನೋಡಿ. ಅದಕ್ಕೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಸಾಕು. ವಸ್ತುಸಂಗ್ರಹಾಲಯದ ಒಳಗಿನ ದಾಖಲೆ ಕೆಲಸವೂ ಆಗಬೇಕಿದ್ದರೆ ಕಲೆಕ್ಟಿವ್‌ಆ್ಯಕ್ಸೆಸ್. ಇಸ್ಲ್ಯಾಂಡೋರಾ, ಹೈರಾಕ್ಸ್ ಬಲವಾದವು, ಆದರೆ ಅವಕ್ಕೆ ಸಂಬಳಕ್ಕಿರುವ ಡೆವಲಪರ್‌ಗಳ ತಂಡ ಬೇಕು. ಒಬ್ಬರೇ ಇದ್ದರೆ ಆ ಕಡೆ ಹೋಗಬೇಡಿ.

ಆರಿಸಿದ ದಿನವೇ ಐವತ್ತು ವಸ್ತು ಒಳಗೆ ಹಾಕಿ, ಹಾಗೇ ಹೊರಗೆ ತೆಗೆದು ನೋಡಿ. ಹಾಕಿದ ಎಲ್ಲ ಕಾಲಂ ವಾಪಸ್ ಬರದಿದ್ದರೆ ಬೇರೆಯದು ನೋಡಿ.

## ಹಂತ 6: ಚಿತ್ರಗಳನ್ನು ತುಂಡು ತುಂಡಾಗಿ ಕಳಿಸುವುದು

26 ಎಂಬಿ ಚಿತ್ರವನ್ನು ಫೋನಿಗೆ ಕಳಿಸುವ ಹಾಗಿಲ್ಲ. ಐಐಐಎಫ್ ಎಂಬ ಮುಕ್ತ ಮಾನದಂಡ ಬರುವುದು ಇಲ್ಲಿ. ಹೇಳುವಾಗ ಎಲ್ಲರೂ ಟ್ರಿಪಲ್ ಐ ಎಫ್ ಅನ್ನುತ್ತಾರೆ. ಚಿತ್ರದ ಯಾವ ಭಾಗ, ಎಷ್ಟು ದೊಡ್ಡದು, ಎಷ್ಟು ತಿರುಗಿಸಿ, ಯಾವ ಬಣ್ಣ, ಯಾವ ಫಾರ್ಮ್ಯಾಟ್ ಅನ್ನುವುದೆಲ್ಲ ಈ ಕ್ರಮದಲ್ಲೇ ವಿಳಾಸದಲ್ಲಿ ಇರುತ್ತದೆ. ವ್ಯೂವರ್, ಅಂದರೆ ಚಿತ್ರ ತೋರಿಸುವ ಪ್ರೋಗ್ರಾಂ, ತನಗೆ ಬೇಕಾದ ತುಂಡನ್ನಷ್ಟೇ ಕೇಳಿ ಪಡೆಯುತ್ತದೆ.

ಮಾಸ್ಟರ್‌ನಿಂದ ಪಿರಮಿಡ್ ಟಿಫ್ ಪ್ರತಿಗಳನ್ನು ಮಾಡಿ. ಅಂದರೆ ಒಂದೇ ಫೈಲ್ ಒಳಗೆ ಚಿತ್ರದ ಹಲವು ಗಾತ್ರಗಳು, ಪ್ರತಿಯೊಂದೂ 256 ಪಿಕ್ಸೆಲ್‌ನ ಚೌಕಗಳಾಗಿ. ಲಿಬ್‌ವಿಪ್ಸ್‌ನಲ್ಲಿ ಟೈಲ್, ಪಿರಮಿಡ್ ಎರಡೂ ಆಯ್ಕೆ ಕೊಟ್ಟು, ಜೆಪೆಗ್ ಗುಣಮಟ್ಟ 85ರ ಹತ್ತಿರ ಇಡಿ. ಬಣ್ಣವನ್ನು ಎಸ್‌ಆರ್‌ಜಿಬಿ ಎಂಬ, ವೆಬ್‌ನಲ್ಲಿ ಸಾಮಾನ್ಯವಾದ ಬಣ್ಣದ ಕ್ರಮಕ್ಕೆ ಬದಲಿಸುವುದನ್ನು ಮರೆಯಬೇಡಿ. ಮರೆತರೆ ಬ್ರೌಸರ್‌ನಲ್ಲಿ ಎಲ್ಲಾ ಮಂಕಾಗಿ ಕಾಣಬಹುದು. ಆಮೇಲೆ ಕ್ಯಾಂಟಲೂಪ್ ಅಥವಾ ಐಐಪಿಇಮೇಜ್ ಸರ್ವರ್ ಹಾಕಿ. ಸರ್ವರ್ ಬೇಡ ಅಂದರೆ ಲಿಬ್‌ವಿಪ್ಸ್ ಮೊದಲೇ ತುಂಡುಗಳನ್ನು ಕತ್ತರಿಸಿ ಫೋಲ್ಡರ್‌ನಲ್ಲಿ ಇಟ್ಟುಕೊಡುತ್ತದೆ. ಅದಕ್ಕೆ ಲೆವೆಲ್ 0 ಅನ್ನುತ್ತಾರೆ.

ಜನ ಸಿಕ್ಕಿಬೀಳುವ ಜಾಗಗಳು ಇವು:

- ನಿಮ್ಮ ಸೈಟಿನಲ್ಲಿ ಚಿತ್ರ ಕಾಣುತ್ತದೆ, ಬೇರೆಯವರ ವ್ಯೂವರ್‌ನಲ್ಲಿ ಕಾಣುವುದಿಲ್ಲ. ಸರ್ವರ್‌ನಲ್ಲಿ ಕಾರ್ಸ್ (ಬೇರೆ ಸೈಟುಗಳು ನಿಮ್ಮ ಫೈಲ್ ಓದಲು ಬಿಡುವ) ಅನುಮತಿ ಕೊಟ್ಟಿಲ್ಲ. ಎಲ್ಲಾ ಸೈಟುಗಳಿಗೂ ಕೊಡಿ.
- ಸೈಟು ಎಚ್‌ಟಿಟಿಪಿಎಸ್‌ನಲ್ಲಿದೆ, ಚಿತ್ರದ ವಿವರ ಫೈಲಿನಲ್ಲಿ ಮಾತ್ರ ಎಚ್‌ಟಿಟಿಪಿ ಅಂತ ಬರುತ್ತಿದೆ. ಬ್ರೌಸರ್‌ಗೂ ಚಿತ್ರದ ಸರ್ವರ್‌ಗೂ ನಡುವೆ ಇರುವ ಪ್ರಾಕ್ಸಿ ಸರ್ವರ್ ಸರಿಯಾದ ಹೆಡರ್ ಕಳಿಸುತ್ತಿಲ್ಲ.
- ಗುರುತಿನಲ್ಲಿ ಓರೆಗೆರೆ (/) ಇದ್ದರೆ ಅದನ್ನು ಸಂಕೇತವಾಗಿ ಬದಲಿಸಬೇಕಾಗುತ್ತದೆ. ಅಪಾಚಿ, ಟಾಮ್‌ಕ್ಯಾಟ್ ತಾವಾಗೇ ಅದನ್ನು ತಿರಸ್ಕರಿಸುತ್ತವೆ. ಓರೆಗೆರೆ ಇಲ್ಲದ ಗುರುತು ಇಟ್ಟರೆ ಈ ತಲೆನೋವೇ ಇಲ್ಲ.
- ಹಳೇ ಉದಾಹರಣೆ ನೋಡಿ ಗಾತ್ರದ ಜಾಗದಲ್ಲಿ "ಫುಲ್" ಹಾಕಿದ್ದಾರೆ. 2020ರಲ್ಲಿ ಬಂದ 3.0 ಆವೃತ್ತಿಯಲ್ಲಿ ಅಲ್ಲಿ "ಮ್ಯಾಕ್ಸ್" ಬರೆಯಬೇಕು.

ಒಂದೇ ಒಂದು ಚಿತ್ರ ಓಪನ್‌ಸೀಡ್ರ್ಯಾಗನ್ ಎಂಬ ವ್ಯೂವರ್‌ನಲ್ಲಿ ಸರಾಗವಾಗಿ ಹಿಗ್ಗಿ ಕುಗ್ಗುವವರೆಗೆ ಮುಂದೆ ಹೋಗಬೇಡಿ.

## ಹಂತ 7: ಪುಟಗಳನ್ನು ಹೊಲಿಯುವ ಮ್ಯಾನಿಫೆಸ್ಟ್

ಇನ್ನೂರು ಚಿತ್ರ ಒಂದು ಹಸ್ತಪ್ರತಿ ಅಂತ ವ್ಯೂವರ್‌ಗೆ ಹೇಳುವುದು ಮ್ಯಾನಿಫೆಸ್ಟ್ ಎಂಬ ಜೇಸನ್ ಫೈಲ್. ಶೀರ್ಷಿಕೆ, ಹಕ್ಕು, ಓದುವ ದಿಕ್ಕು, ಪುಟಗಳ ಕ್ರಮ ಎಲ್ಲಾ ಅದರಲ್ಲಿರುತ್ತದೆ. ಪ್ರತಿ ಪುಟವೂ ಒಂದು ಕ್ಯಾನ್ವಾಸ್.

ಇದನ್ನು ಕೈಯಲ್ಲಿ ಬರೆಯಬೇಡಿ. ಮೂರನೇ ಹಂತದ ಎರಡು ಹಾಳೆಗಳನ್ನು ಓದಿ ಮ್ಯಾನಿಫೆಸ್ಟ್ ತಯಾರಿಸುವ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ತಪ್ಪು ಕಂಡರೆ ಹಾಳೆಯಲ್ಲಿ ತಿದ್ದಿ ಮತ್ತೆ ಓಡಿಸಿ. ಮ್ಯಾನಿಫೆಸ್ಟ್‌ನಲ್ಲೇ ತಿದ್ದಿದರೆ ಮುಂದಿನ ಸಲ ಸ್ಕ್ರಿಪ್ಟ್ ಓಡಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಕ್ಯಾನ್ವಾಸ್‌ನ ಅಗಲ ಎತ್ತರಗಳ ಅನುಪಾತ ಚಿತ್ರದ್ದೇ ಇರಬೇಕು. ಇಲ್ಲದಿದ್ದರೆ ಪುಟ ಎಳೆದಂತೆ ಕಾಣುತ್ತದೆ. ಶೀರ್ಷಿಕೆಗಳಿಗೆ ಭಾಷೆಯ ಸಂಕೇತ ಹಾಕುವುದು 3.0ರಲ್ಲಿ ಕಡ್ಡಾಯ. ತಯಾರಾದ ಮೇಲೆ ಐಐಐಎಫ್‌ನ ವ್ಯಾಲಿಡೇಟರ್‌ನಲ್ಲಿ ಹಾಕಿ ನೋಡಿ. ಆಮೇಲೆ ಮಿರಡೋರ್, ಯುನಿವರ್ಸಲ್ ವ್ಯೂವರ್ ಎಂಬ ಎರಡು ವ್ಯೂವರ್‌ಗಳಲ್ಲೂ ತೆರೆಯಿರಿ, ಅದೂ ನಿಮ್ಮದಲ್ಲದ ಸೈಟಿನಿಂದ. ಒಂದರಲ್ಲಿ ಮಾತ್ರ ತೆರೆದರೆ ತಪ್ಪು ಸಾಮಾನ್ಯವಾಗಿ ನಿಮ್ಮ ಫೈಲಿನದೇ.

## ಹಂತ 8: ಹುಡುಕಾಟ

ಕನ್ನಡದಂಥ ಲಿಪಿ ಇದ್ದರೆ ಹುಡುಕಾಟ ಕೈಕೊಡುವುದು ಕಣ್ಣಿಗೆ ಕಾಣದ ಕಾರಣಕ್ಕೆ. "ಕೋ" ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರು ಸಂಕೇತವಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಾಗಾಗಿ ಮಾಹಿತಿ ಒಳಗೆ ಹೋಗುವಾಗಲೂ, ಓದುಗರು ಹುಡುಕಿದ ಪದಕ್ಕೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ಬದಲಾವಣೆ ಮಾಡಿ. ಅಕ್ಷರಗಳ ನಡುವೆ ಸೇರುವ ಅಗಲವಿಲ್ಲದ ಜೋಡಕಗಳನ್ನು ಹುಡುಕಾಟದ ಪ್ರತಿಯಲ್ಲಿ ಮಾತ್ರ ತೆಗೆಯಿರಿ. ತೋರಿಸುವ ಪಠ್ಯದಿಂದ ತೆಗೆದರೆ ಅಕ್ಷರ ಕೆಡುತ್ತದೆ. ಸೋಲಾರ್, ಓಪನ್‌ಸರ್ಚ್ ಎಂಬ ಎರಡೂ ಹುಡುಕಾಟದ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಐಸಿಯು ಎಂಬ ಯೂನಿಕೋಡ್ ಫಿಲ್ಟರ್‌ಗಳಿವೆ. ಅಕ್ಷರದ ಮೇಲಿನ ಚಿಹ್ನೆಗಳನ್ನು ಅಳಿಸುವ ಫಿಲ್ಟರ್ ಹಾಕುವ ಮುನ್ನ ನಿಮ್ಮ ಲಿಪಿಯ ಇಪ್ಪತ್ತು ಪದ ಕೊಟ್ಟು ಪರೀಕ್ಷಿಸಿ.

ಚಿತ್ರದೊಳಗಿನ ಪಠ್ಯ ಹುಡುಕಬೇಕಾದರೆ ಒಸಿಆರ್, ಅಂದರೆ ಚಿತ್ರದ ಅಕ್ಷರಗಳನ್ನು ಯಂತ್ರದಿಂದ ಓದಿಸುವುದು. ಅಚ್ಚಾದ ಪುಟಗಳಿಗೆ ಟೆಸರಾಕ್ಟ್, ಕೈಬರಹಕ್ಕೆ ಕ್ರ್ಯಾಕನ್ ಮತ್ತು ಇಸ್ಕ್ರಿಪ್ಟೋರಿಯಂ. ಫಲಿತಾಂಶವನ್ನು ಬರೀ ಪಠ್ಯವಾಗಿ ಉಳಿಸದೆ ಆಲ್ಟೊ ರೂಪದಲ್ಲಿ ಉಳಿಸಿ. ಪದ ಪುಟದ ಯಾವ ಜಾಗದಲ್ಲಿದೆ ಅನ್ನುವುದು ಅದರಲ್ಲಿ ಉಳಿಯುತ್ತದೆ. ಮುಂದೆ ಪುಟದ ಮೇಲೆ ಪದವನ್ನು ಗುರುತು ಮಾಡಿ ತೋರಿಸಲು ಅದು ಬೇಕು. ಯಂತ್ರ ಓದಿದ ಪಠ್ಯ, ತಪ್ಪಿರಬಹುದು ಅನ್ನುವುದನ್ನು ಪುಟದಲ್ಲೇ ಬರೆಯಿರಿ.

## ಹಂತ 9: ಎಲ್ಲರಿಗೂ ತೆರೆಯುವಂತೆ ಮಾಡಿ

ಮೌಸ್ ಬಿಟ್ಟು ಕೀಬೋರ್ಡ್‌ನಲ್ಲಷ್ಟೇ ಇಡೀ ಸೈಟು ಓಡಾಡಿ ನೋಡಿ. ಅಗ್ಗದ ಫೋನಿನಲ್ಲಿ, ನಿಧಾನದ ನೆಟ್‌ನಲ್ಲಿ ತೆರೆದು ನೋಡಿ. ಚಿತ್ರಗಳಿಗೆ ಪರ್ಯಾಯ ಪಠ್ಯ ಬರೆಯಿರಿ. "ಚಿತ್ರ 12" ಅಂದರೆ ಕಾಣದವರಿಗೆ ಏನೂ ಸಿಗುವುದಿಲ್ಲ. ಮಿಕ್ಕ ಪಟ್ಟಿಗೆ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ವೆಬ್ ಎಲ್ಲರಿಗೂ ತೆರೆಯುವಂತೆ ಮಾಡುವ ಮಾರ್ಗಸೂಚಿ ನೋಡಿ.

## ಹಂತ 10: ಲೈವ್ ಮಾಡುವ ಮುನ್ನ

ಇತ್ತೀಚೆಗೆ ಸಂಗ್ರಹಗಳ ಸೈಟು ಬೀಳಲು ದೊಡ್ಡ ಕಾರಣ ಬಾಟ್‌ಗಳು. ಎಐಗೆ ಡೇಟಾ ಬಾಚುವ ಬಾಟ್‌ಗಳು ಹುಡುಕಾಟದ ಪ್ರತಿ ಫಿಲ್ಟರ್ ಜೋಡಣೆಯನ್ನೂ ಬೇರೆ ಪುಟ ಅಂದುಕೊಂಡು ಒತ್ತುತ್ತಾ ಹೋಗುತ್ತವೆ. ಸಾವಿರ ವಸ್ತುವಿನ ಸೈಟಿನಲ್ಲೂ ಆ ಲಿಂಕ್‌ಗಳು ಲಕ್ಷ ದಾಟುತ್ತವೆ. ಹುಡುಕಾಟದ ಪುಟಕ್ಕೆ ವೇಗದ ಮಿತಿ ಹಾಕಿ, ಚಿತ್ರದ ತುಂಡುಗಳಿಗೆ ಕ್ಯಾಶ್ (ಮತ್ತೆ ಮತ್ತೆ ತಯಾರಿಸದಂತೆ ಎತ್ತಿಟ್ಟ ಪ್ರತಿ) ಇಡಿ. ಯಾವ ಪುಟ ಮುಟ್ಟಬಾರದು ಅಂತ ಬಾಟ್‌ಗಳಿಗೆ ಹೇಳುವ ರೋಬಾಟ್ಸ್ ಫೈಲ್ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಎಷ್ಟೋ ಬಾಟ್‌ಗಳು ಅದನ್ನು ಓದುವುದೇ ಇಲ್ಲ.

ಕೋಡನ್ನು ಹೊರಗಿಡುವಾಗ ಲೈಸೆನ್ಸ್ ಫೈಲ್ ಇದೆಯೇ ನೋಡಿ. ಅದಿಲ್ಲದ ಕೋಡ್ ಎಲ್ಲರಿಗೂ ಕಂಡರೂ ಓಪನ್ ಸೋರ್ಸ್ ಆಗುವುದಿಲ್ಲ. ಪಾಸ್‌ವರ್ಡ್ ಗಿಟ್‌ಗೆ ಹೋಗಿದ್ದರೆ ಅಳಿಸಿದರೂ ಹಳೇ ದಾಖಲೆಯಲ್ಲಿ ಉಳಿದಿರುತ್ತದೆ, ಹಾಗಾಗಿ ಪಾಸ್‌ವರ್ಡನ್ನೇ ಬದಲಿಸಿ. ಬಳಸಿದ ಕೋಡ್ ಲೈಬ್ರರಿಗಳ ಆವೃತ್ತಿ ಸಂಖ್ಯೆಗಳನ್ನೂ ಕೋಡಿನ ಜೊತೆಗೇ ಇಡಿ.

ಕೊನೆಯ ಪರೀಕ್ಷೆ ಹೀಗೆ. ಈ ಕೆಲಸವನ್ನು ಒಮ್ಮೆಯೂ ನೋಡದ ಒಬ್ಬರಿಗೆ ಖಾಲಿ ಕಂಪ್ಯೂಟರ್, ಬ್ಯಾಕಪ್ ಡಿಸ್ಕ್ ಮತ್ತು ನೀವು ಬರೆದ ಸೂಚನೆ ಕೊಡಿ. ಅದಷ್ಟರಿಂದಲೇ ಇಡೀ ಸೈಟನ್ನು ಎಬ್ಬಿಸಿ ಅನ್ನಿ. ನೀವು ಪಕ್ಕದಲ್ಲಿ ಕೂತರೂ ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರು, ಏನು ಕೇಳಿದರು ಅನ್ನುವುದನ್ನು ಬರೆದುಕೊಂಡು ಸೂಚನೆಗೆ ಸೇರಿಸಿ. ಆಮೇಲೆ ಚೆಕ್‌ಸಮ್ ಪಟ್ಟಿ ಓಡಿಸಿ ನೋಡಿ. ಪ್ರತಿ ಫೈಲೂ ತಾಳೆ ಆದರೆ ಸೈಟಿನ ವಿಳಾಸವನ್ನು ಜನರಿಗೆ ಕೊಡಬಹುದು.